ಮಾಯಾ ಜನಾಂಗದ ಹಸುರು ಶಿಲೆ

೧

ಕ್ರಿ.ಶ. ೧೫೨೦ನೆಯ ಇಸವಿಯ ಜೂನ್ ತಿಂಗಳ ಕಡೆಯ ರಾತ್ರಿ. ಅಜ್ಟೆಕರ ರಾಜಧಾನಿಯಾದ ಟೆನೋಚ್‌ಟಿಟ್ಲಾನ್ ನಗರದಲ್ಲಿ ಮುತ್ತಿಗೆಗೆ ಸಿಕ್ಕಿ ನಲುಗಿದ್ದ ಸ್ಪೇನಿನ ಸೈನಿಕರು ಕತ್ತಲಲ್ಲಿ ತಪ್ಪಿಸಿಕೊಂಡು ಹೋಗಲು ಸಿದ್ಧರಾಗಿದ್ದರು. ಅವರು ಬೀಡುಬಿಟ್ಟಿದ್ದ ಅರಮನೆಯಲ್ಲಿ ಬಂಗಾರವು ರಾಶಿರಾಶಿಯಾಗಿ ಬಿದ್ದಿದ್ದಿತು. ರಾಜನ ಪಾಲನ್ನು ತೆಗೆದಿರಿಸಿದ ಮೇಲೆ ಉಳಿದುದನ್ನು ಬೇಕಾದವರು ಕೊಂಡೊಯ್ಯಬಹುದೆಂದು ದಳಪತಿಯಾದ ಕೊರ್ಟೆಸನು ಅಪ್ಪಣೆಯಿತ್ತನು. ಹಲವರು ಹೊರಲಾರದಷ್ಟನ್ನು ಹೊತ್ತರು. ಸೇತುವೆ ಮುರಿದ ಕಾಲುವೆಗಳಲ್ಲಿ ಆ ಭಾರದಿಂದಲೇ ಮುಳುಗಿ ಪ್ರಾಣ ಬಿಟ್ಟರು. ಬೆರ್ನಾಲ್ ಡಿಯಾಸ್ ಎಂಬ ಸೈನಿಕನು ಬಂಗಾರಕ್ಕೆ ಆಶೆಪಡಲಿಲ್ಲ. ಅಲ್ಲಿದ್ದ ಸಣ್ಣ ಪೆಟ್ಟಿಗೆಗಳಿಂದ ನಾಲ್ಕು ಹಸುರು ಕಲ್ಲುಗಳನ್ನು ತೆಗೆದು ಎದೆಯ ಕವಚದೊಳಗೆ ಅಡಗಿಸಿಕೊಂಡನು. ಆ ಕಲ್ಲುಗಳಿಗೆ ಆ ದೇಶದವರು ಕೊಡುವ ಬೆಲೆಯು ಎಷ್ಟೆಂಬುದನ್ನು ಅವನು ಅಷ್ಟರಲ್ಲಿ ಅರಿತಿದ್ದನು. ಮುಂದೆ ಗಾಯಗಳು ಮಾಯುವುದಕ್ಕೂ ಹೊಟ್ಟೆಗೆ ದೊರಕುವುದಕ್ಕೂ ಆ ನಾಲ್ಕು ಕಲ್ಲುಗಳೇ ಅವನಿಗೆ ನೆರವಾದುವು. ಮುಪ್ಪಿನಲ್ಲಿ ಗ್ವಾಟೆಮಾಲಾ ನಗರದಲ್ಲಿ ನೆಲಸಿ ಬರೆದ ತನ್ನ ಇತಿಹಾಸ ಗ್ರಂಥದಲ್ಲಿ ಈ ಸಂಗತಿಯನ್ನು ಅವನೇ ಹೇಳಿಕೊಂಡಿದ್ದಾನೆ.

ಅಜ್ಟೆಕರು ಈ ಕಲ್ಲನ್ನು ಚಾಲ್ಚಿವಿಟ್ಲ್ ಎಂದು ಕರೆಯುತ್ತಿದ್ದರು. ಯುರೋಪಿನವರು ಅದಕ್ಕೆ ಜೇಡ್ ಎಂಬ ಹೆಸರನ್ನು ಕೊಟ್ಟರು. ಅಜ್ಟೆಕರಿಗೆ ಅದರ ಮೇಲಿನ ಗೌರವವು ಹಿಂದಿನವರಿಂದ ಬಂದ ಆಸ್ತಿ. ಅವರಿಗಿಂತ ಎಷ್ಟೋ ಶತಮಾನ ಮೊದಲೇ, ಇಂದಿನ ಗ್ವಾಟೆಮಾಲಾ, ಬೆಲೀಜ್, ದಕ್ಷಿಣ ಮೆಕ್ಸಿಕೋ ಮತ್ತು ಹೊಂಡುರಾಸಿನ ಪಶ್ಚಿಮ ಭಾಗಗಳಲ್ಲಿ ಬಾಳಿದ ಮಾಯಾ ಜನಾಂಗವು ಈ ಶಿಲೆಯನ್ನು ಕೆತ್ತುವ ಕಲೆಯನ್ನು ಬಹಳ ಎತ್ತರಕ್ಕೆ ಒಯ್ದಿದ್ದಿತು. ಅಷ್ಟೇ ಅಲ್ಲದೆ ತನ್ನ ಧರ್ಮದ ಮುಖ್ಯ ಭಾವನೆಗಳನ್ನೆಲ್ಲ ಅದರಲ್ಲಿ ತುಂಬಿದ್ದಿತು. ಮಾಯಾ ಎಂಬ ಹೆಸರನ್ನು ಕೇಳಿದೊಡನೆ ಸಂಸ್ಕೃತದ ಮಾಯೆಯೂ ಪುರಾಣದ ಮಯನೂ ನೆನಪಿಗೆ ಬರುವುದು ಸಹಜ. ಆ ಹೋಲಿಕೆಯನ್ನು ಹಿಡಿದು ಸಂಬಂಧ ಕಲ್ಪಿಸಿದವರೂ ಉಂಟು. ಆದರೆ ಇದು ಶಬ್ದಸಾಮ್ಯವೇ ಹೊರತು ಬೇರೇನೂ ಅಲ್ಲ. ಮಾಯಾ ನಾಗರಿಕತೆಯು ತನ್ನ ನೆಲದಲ್ಲಿಯೇ ಹುಟ್ಟಿ ಬೆಳೆದುದು. ಅದರ ಮಕ್ಕಳು ಲಕ್ಷಾಂತರ ಸಂಖ್ಯೆಯಲ್ಲಿ ಈಗಲೂ ಅದೇ ನೆಲದಲ್ಲಿದ್ದು ಮಾಯಾ ಭಾಷೆಗಳನ್ನಾಡುತ್ತಿದ್ದಾರೆ.

ಈ ಜನಾಂಗದ ಮತವನ್ನು ಅರಿಯುವುದಕ್ಕೆ ಶಿಲೆಯು ಇಷ್ಟು ಮುಖ್ಯವಾಗುವುದಕ್ಕೆ ಒಂದು ದುಃಖಕರವಾದ ಕಾರಣವಿದೆ. ಮಾಯಾ ಜನರಿಗೆ ಪೂರ್ಣವಾದ ಲಿಪಿಯಿದ್ದಿತು. ಮರದ ನಾರಿನ ಕಾಗದದ ಮೇಲೆ ಬರೆದ ಪುಸ್ತಕಗಳಿದ್ದುವು. ೧೫೬೨ರಲ್ಲಿ ದ್ಯೇಗೋ ದೆ ಲಾಂಡಾ ಎಂಬ ಪಾದ್ರಿಯು ಯುಕಟಾನಿನ ಮಾನೀ ಎಂಬ ಊರಿನಲ್ಲಿ ಅಂತಹ ಪುಸ್ತಕಗಳನ್ನು ಸುಡಿಸಿದನು. ಉಳಿದುವು ಹವೆಗೂ ಕಾಲಕ್ಕೂ ತುತ್ತಾದುವು. ಇಂದು ಜಗತ್ತಿನಲ್ಲಿ ಉಳಿದಿರುವ ಪ್ರಾಚೀನ ಮಾಯಾ ಪುಸ್ತಕಗಳು ನಾಲ್ಕೇ. ಆದುದರಿಂದ ಗೋಡೆಯ ಚಿತ್ರ, ಮಡಕೆ, ಶಾಸನಶಿಲೆ, ಜೇಡ್ ಒಡವೆ, ಇವುಗಳೇ ಆ ಜನರ ಪರವಾಗಿ ಸಾಕ್ಷಿ ಹೇಳಬೇಕಾಗಿವೆ.

೨

ಜೇಡ್ ಎಂದರೆ ಪಚ್ಚೆಯಲ್ಲ. ನವರತ್ನಗಳಲ್ಲಿ ಸೇರಿದ ಮರಕತವು ಪಾರದರ್ಶಕವಾದ ಹರಳು. ಜೇಡ್ ಅಪಾರದರ್ಶಕವಾದ ಅಥವಾ ಅಂಚಿನಲ್ಲಿ ಮಾತ್ರ ಬೆಳಕು ಬಿಡುವ ಗಟ್ಟಿಶಿಲೆ. ಬಹುಕಾಲ ಒಂದೇ ಎಂದು ತಿಳಿದಿದ್ದ ಈ ಶಿಲೆಯು ನಿಜವಾಗಿ ಎರಡು ಬೇರೆ ಬೇರೆ ಖನಿಜಗಳೆಂಬುದನ್ನು ೧೮೬೩ರಲ್ಲಿ ದಾಮೂರ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನು ತೋರಿಸಿಕೊಟ್ಟನು. ಚೀನದ ಪ್ರಾಚೀನ ಕೆತ್ತನೆಗಳಿಗೆ ಒದಗಿದುದು ನೆಫ್ರೈಟ್. ಬರ್ಮಾ ದೇಶದಲ್ಲಿ ದೊರೆಯುವುದೂ ಮಾಯಾ ಜನರು ಬಳಸಿದುದೂ ಅದಕ್ಕಿಂತ ತುಸು ಕಠಿನವಾದ ಜೇಡೈಟ್. ಉಕ್ಕಿನ ಚೂರಿಯಿಂದಲೂ ಇದರ ಮೇಲೆ ಗೀರು ಬೀಳುವುದಿಲ್ಲ. ಇದರ ಕಣಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಸುತ್ತಿಗೆಯ ಏಟಿಗೂ ಸುಲಭವಾಗಿ ಒಡೆಯದು.

ಹೆಸರಿನ ಕಥೆಯೂ ವಿನೋದವಾಗಿದೆ. ಹೊಸ ಜಗತ್ತಿನ ಈ ಕಲ್ಲನ್ನು ಸೊಂಟದ ಪಕ್ಕಕ್ಕೆ ಕಟ್ಟಿಕೊಂಡರೆ ಮೂತ್ರಪಿಂಡದ ನೋವು ಹೋಗುವುದೆಂದು ಸ್ಪೇನಿನವರು ನಂಬಿದರು. ಸೆವಿಲ್ಲಾ ನಗರದ ವೈದ್ಯನಾದ ಮೊನಾರ್ಡೆಸನು ಹದಿನಾರನೆಯ ಶತಮಾನದಲ್ಲಿಯೇ ಇದನ್ನು ಬರೆದಿಟ್ಟನು. ಪಕ್ಕೆಯ ಕಲ್ಲು ಎಂಬರ್ಥದ ಸ್ಪ್ಯಾನಿಷ್ ಮಾತು ಫ್ರೆಂಚರ ಬಾಯಲ್ಲಿ ಸವೆದು ಜೇಡ್ ಆಯಿತು. ಅದೇ ಅರ್ಥದ ಲ್ಯಾಟಿನ್ ಮಾತಿನಿಂದ ನೆಫ್ರೈಟ್ ಹುಟ್ಟಿತು. ಒಂದು ಜನಾಂಗವು ಪ್ರಾಣವಾಯುವಿನ ನೆಲೆಯೆಂದು ಪೂಜಿಸಿದ ವಸ್ತುವು ಇನ್ನೊಂದು ಜನಾಂಗದ ಕೈಯಲ್ಲಿ ಸೊಂಟನೋವಿನ ಔಷಧವಾಯಿತು!

ಬಂಗಾರವನ್ನೇ ಬಯಸಿ ಬಂದವರಿಗೆ ಈ ಶಿಲೆಯು ಬೇಡವಾಗಿದ್ದುದರಿಂದ ಅದರ ಗಣಿಗಳ ನೆನಪು ಕ್ರಮೇಣ ಅಳಿಸಿಹೋಯಿತು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಅಮೆರಿಕದಲ್ಲಿ ಜೇಡ್ ಹುಟ್ಟುವುದೇ ಇಲ್ಲ, ಅಲ್ಲಿ ಸಿಕ್ಕಿದ ಒಡವೆಗಳೆಲ್ಲ ಏಷ್ಯಾದಿಂದ ಹೋದುವೆಂದು ವಾದಿಸುವಷ್ಟರ ಮಟ್ಟಿಗೆ ಈ ಮರವೆಯು ಬೆಳೆದಿದ್ದಿತು. ಜರ್ಮನಿಯ ಫಿಷರ್ ಎಂಬ ವಿದ್ವಾಂಸನು ಈ ಪಕ್ಷವನ್ನು ಎತ್ತಿಹಿಡಿದನು. ಇದಕ್ಕೆ ಪ್ರತಿಯಾಗಿ ಜೀಲಿಯಾ ನಟ್ಟಲ್ ಎಂಬ ವಿದುಷಿಯು, ಅಜ್ಟೆಕರಿಗೆ ಕಪ್ಪ ಸಲ್ಲಿಸುತ್ತಿದ್ದ ಊರುಗಳ ಪಟ್ಟಿಯಲ್ಲಿ ಈ ಕಲ್ಲು ಬರುವುದನ್ನು ತೋರಿಸಿ, ಅದು ಆ ನೆಲದ್ದೇ ಆಗಿರಬೇಕೆಂದು ಇಪ್ಪತ್ತನೆಯ ಶತಮಾನದ ಮೊದಲಲ್ಲಿ ವಾದಿಸಿದಳು. ವಾದವು ತೀರಿದುದು ೧೯೫೨ರಲ್ಲಿ. ಗ್ವಾಟೆಮಾಲಾದ ಮೊಟಾಗುವಾ ನದಿಯ ಕಣಿವೆಯಲ್ಲಿ, ಮನ್ಸನಾಲ್ ಎಂಬ ಊರಿನ ಬಳಿ, ರಾಬರ್ಟ್ ಲೆಸ್ಲಿ ಎಂಬಾತನಿಗೆ ಜೇಡೈಟ್ ಕಲ್ಲು ದೊರಕಿತು. ಸ್ಮಿತ್ಸೋನಿಯನ್ ಸಂಸ್ಥೆಯ ಖನಿಜಶಾಸ್ತ್ರಜ್ಞನಾದ ಫೊಷಾಗನು ಅದನ್ನು ಪರೀಕ್ಷಿಸಿ ಅವನೊಡನೆ ೧೯೫೫ರಲ್ಲಿ ಪ್ರಕಟಿಸಿದನು. ೧೯೯೮ರ ಮಿಚ್ ಎಂಬ ಚಂಡಮಾರುತದ ಮಳೆಯು ಬೆಟ್ಟಗಳನ್ನು ಕೊಚ್ಚಿ ಹಾಕಿದ ಮೇಲೆ ನೀಲಿ ಬೆರೆತ ಹಸುರಿನ ಅಪೂರ್ವವಾದ ಬಂಡೆಗಳೂ ಕಂಡುಬಂದುವು.

ಆ ಕಣಿವೆಯೇ ಏಕೆ? ಭೂಮಿಯ ಹೊರಚಿಪ್ಪಿನ ಎರಡು ಮಹಾಫಲಕಗಳು, ಉತ್ತರ ಅಮೆರಿಕದ್ದೂ ಕೆರಿಬಿಯನ್ ಸಮುದ್ರದ್ದೂ, ಅಲ್ಲಿ ಒಂದನ್ನೊಂದು ಸಂಧಿಸುತ್ತವೆ. ಒಂದು ಫಲಕವು ಮತ್ತೊಂದರ ಅಡಿಗೆ ಜಾರುವ ತಾಣಗಳಲ್ಲಿ ಒತ್ತಡವು ಅಪಾರ, ಶಾಖವು ಅದಕ್ಕೆ ತಕ್ಕಷ್ಟಿಲ್ಲ. ಆ ವಿಚಿತ್ರ ಸನ್ನಿವೇಶದಲ್ಲಿ ಮಾತ್ರ ಜೇಡೈಟ್ ಹುಟ್ಟುತ್ತದೆ. ಅನಂತರ ಭೂಚಲನೆಯು ಅದನ್ನು ಮೇಲಕ್ಕೆತ್ತಬೇಕು. ನದಿಯು ಅದನ್ನು ಉರುಳಿಸಿ ನುಣುಪು ಮಾಡಿ ದಡಕ್ಕೆ ತರಬೇಕು. ಮಾಯಾ ಜನರಿಗೆ ಈ ಶಾಸ್ತ್ರವು ತಿಳಿದಿರಲಿಲ್ಲ. ನೀರು ತಂದುಕೊಟ್ಟ ಹಸುರು ಕಲ್ಲು ನೀರಿಗೇ ಸಂಬಂಧಿಸಿದ್ದೆಂದು ಅವರಿಗೆ ತೋರಿದುದರಲ್ಲಿ ಆಶ್ಚರ್ಯವಿಲ್ಲ.

೩

ಇಂತಹ ಕಠಿನ ಶಿಲೆಯನ್ನು ಮಾಯಾ ಶಿಲ್ಪಿಗಳು ಲೋಹದ ಉಪಕರಣವಿಲ್ಲದೆ ಕೆತ್ತಿದರು. ಅವರ ನಾಗರಿಕತೆಯು ಉಚ್ಛ್ರಾಯದಲ್ಲಿದ್ದ ಕ್ರಿ.ಶ. ೨೫೦ರಿಂದ ೯೦೦ರವರೆಗಿನ ಕಾಲದಲ್ಲಿ ಕಬ್ಬಿಣವಂತೂ ಇರಲೇ ಇಲ್ಲ; ಚಿನ್ನ ತಾಮ್ರಗಳೂ ಆ ಕಾಲದ ಕೊನೆಯವರೆಗೆ ಹೆಚ್ಚಾಗಿ ಕಾಣಬರುವುದಿಲ್ಲ. ಅವರ ಆಯುಧಗಳು ಹುರಿ, ಮರದ ಪಟ್ಟಿ, ಟೊಳ್ಳಾದ ಎಲುಬು ಅಥವಾ ಬಿದಿರಿನಂತಹ ಜೊಂಡು, ನೀರು ಮತ್ತು ಮರಳು. ಬಿಗಿಯಾಗಿ ಹಿಡಿದ ಹುರಿಗೆ ನೀರು ಬೆರೆಸಿದ ಗಡುಸಾದ ಮರಳನ್ನು ಹಚ್ಚಿ ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದರೆ ಕಲ್ಲು ಕೂದಲೆಳೆಯಷ್ಟಾಗಿ ಸವೆಯುತ್ತ ಬರುತ್ತಿದ್ದಿತು. ಟೊಳ್ಳು ಎಲುಬನ್ನು ಅಂಗೈಗಳ ನಡುವೆ ಅಥವಾ ಬಿಲ್ಲಿನ ಹುರಿಯಿಂದ ತಿರುಗಿಸಿದರೆ ವೃತ್ತಾಕಾರವಾದ ರಂಧ್ರವು ಬೀಳುತ್ತಿದ್ದಿತು. ಜೇಡ್ ಮುಖಗಳಲ್ಲಿ ಕಣ್ಣಿನ ಅಂಚು, ಬಾಯ ಮೂಲೆ, ಕಿವಿಯೋಲೆಗಳು ಗುಂಡಾದ ಗೆರೆಗಳಿಂದ ಮೂಡಿರುವುದಕ್ಕೆ ಈ ಉಪಕರಣವೇ ಕಾರಣ. ನೆಟ್ಟಗಿನ ಗೆರೆಗಳನ್ನು ಚೂಪಾದ ಕಲ್ಲಿನಿಂದ ಗೀಚಿ, ಕಡೆಗೆ ಅತಿ ನುಣುಪಾದ ಪುಡಿಯಿಂದ ಉಜ್ಜಿ ಉಜ್ಜಿ ಕನ್ನಡಿಯ ಹೊಳಪನ್ನು ತರುತ್ತಿದ್ದರು. ಒಂದೊಂದು ಒಡವೆಗೆ ಎಷ್ಟೋ ತಿಂಗಳ ದುಡಿಮೆಯು ಹಿಡಿಯುತ್ತಿದ್ದಿರಬೇಕು.

ಇಷ್ಟು ಶ್ರಮದ ವಸ್ತುವಿನಲ್ಲಿ ಚೂರನ್ನೂ ವ್ಯರ್ಥಮಾಡುತ್ತಿರಲಿಲ್ಲ. ಇಂದಿನ ಗ್ವಾಟೆಮಾಲಾ ನಗರದ ಅಡಿಯಲ್ಲಿರುವ ಕಮಿನಾಲ್‌ಹುಯು ಎಂಬ ಪ್ರಾಚೀನ ಪಟ್ಟಣದಲ್ಲಿ ಸುಮಾರು ೨೦೦ ಪೌಂಡು ತೂಕದ ಜೇಡ್ ಗುಂಡು ಮೆಟ್ಟಿಲ ಕೆಳಗೆ ದೊರಕಿತು. ಅದರ ಮೈಯಿಂದ ತುಂಡುಗಳನ್ನು ಕೊಯ್ದು ತೆಗೆದ ಗುರುತುಗಳು ಸ್ಪಷ್ಟವಾಗಿದ್ದುವು. ಒಂದು ಗುಂಡಿನ ಆಕಾರಕ್ಕೆ ತಕ್ಕಂತೆ ವಿಗ್ರಹದ ಆಕಾರವನ್ನು ಬಾಗಿಸುತ್ತಿದ್ದರು. ಚಿಕ್ಕ ಹಾಳೆಗಳನ್ನು ಜೋಡಿಸಿ ಮುಖವಾಡಗಳನ್ನೂ, ಟಿಕಾಲ್ ನಗರದ ಸಮಾಧಿಗಳಲ್ಲಿ ಕಂಡಂತೆ, ಮುಚ್ಚಳವುಳ್ಳ ಭರಣಿಗಳನ್ನೂ ಮಾಡುತ್ತಿದ್ದರು.

ಕಲ್ಲು ಒಂದು ಕಣಿವೆಯದು. ಅದನ್ನು ಬಯಸುವ ಅರಸರು ನೂರಾರು ಮೈಲಿಗಳ ಆಚೆಗೂ ಇದ್ದರು. ಹೀಗಾಗಿ ಮೊಟಾಗುವಾ ಮಾರ್ಗವು ರಾಜಕೀಯದ ಮಾರ್ಗವೂ ಆಯಿತು. ಆ ನದಿಯ ಹತ್ತಿರದ ಕಿರಿಗುವಾ ಎಂಬ ಚಿಕ್ಕ ಪಟ್ಟಣವು ಕೋಪಾನಿನ ದೊಡ್ಡ ಅರಸರಿಗೆ ಅಧೀನವಾಗಿದ್ದಿತು. ೭೩೮ರಲ್ಲಿ ಕಿರಿಗುವಾದ ಸಾಮಂತನು ತನ್ನ ಒಡೆಯನನ್ನೇ ಸೆರೆಹಿಡಿದು ತಲೆ ಕಡಿಸಿ ಸ್ವತಂತ್ರನಾದನು. ಈ ದಂಗೆಗೆ ನದೀಮಾರ್ಗದ ವ್ಯಾಪಾರದ ಹಿಡಿತವೂ ಒಂದು ಕಾರಣವಾಗಿದ್ದೀತೆಂದು ಪಂಡಿತರು ಊಹಿಸುತ್ತಾರೆ.

೪

ಈ ಶಿಲೆಗೆ ಪಾವಿತ್ರ್ಯವು ಬಂದುದು ಎಲ್ಲಿಂದ? ಕೇವಲ ಅಪೂರ್ವವಾದುದು ಎಂದರೆ ಉತ್ತರವು ಪೂರ್ಣವಾಗದು. ಅಪೂರ್ವವಾದ ಎಷ್ಟೋ ವಸ್ತುಗಳಿಗೆ ಬೆಲೆಯುಂಟು, ಪೂಜೆಯಿಲ್ಲ. ಉತ್ತರವನ್ನು ಮೊದಲು ಮಾಯಾ ಭಾಷೆಯಲ್ಲಿಯೇ ಹುಡುಕಬೇಕು. ಆ ಭಾಷೆಯಲ್ಲಿ ಯಾಷ್ ಎಂಬ ಒಂದೇ ಶಬ್ದವು ಹಸುರನ್ನೂ ನೀಲಿಯನ್ನೂ ಹೇಳುತ್ತದೆ. ಎಳೆಯ ಪೈರು, ಆಳವಾದ ನೀರು, ಕೆಟ್ಸಾಲ್ ಹಕ್ಕಿಯ ನೀಳವಾದ ಗರಿ, ಜೇಡ್ ಶಿಲೆ, ಎಲ್ಲವೂ ಯಾಷ್. ಅದೇ ಶಬ್ದಕ್ಕೆ ಮೊದಲನೆಯದು, ಹೊಸದು ಎಂಬ ಅರ್ಥವೂ ಇದೆ. ಟಿಕಾಲಿನ ವಂಶಸ್ಥಾಪಕನಾದ ಯಾಷ್ ಎಬ್ ಷೋಕ್, ಕೋಪಾನಿನಲ್ಲಿ ೪೨೬ರಲ್ಲಿ ವಂಶವನ್ನು ನೆಲೆಗೊಳಿಸಿದ ಕಿನಿಚ್ ಯಾಷ್ ಕುಕ್ ಮೋ, ಇಬ್ಬರ ಹೆಸರಿನಲ್ಲಿಯೂ ಈ ಶಬ್ದವು ಸೇರಿರುವುದು ಗಮನಾರ್ಹವಾಗಿದೆ.

ದಿಕ್ಕುಗಳಿಗೂ ಬಣ್ಣಗಳಿದ್ದುವು. ಪೂರ್ವಕ್ಕೆ ಕೆಂಪು, ಉತ್ತರಕ್ಕೆ ಬಿಳುಪು, ಪಶ್ಚಿಮಕ್ಕೆ ಕಪ್ಪು, ದಕ್ಷಿಣಕ್ಕೆ ಹಳದಿ. ನಾಲ್ಕರ ನಡುವೆ, ಜಗತ್ತಿನ ಮಧ್ಯದಲ್ಲಿ, ಹಸುರು. ಆ ಮಧ್ಯದಲ್ಲಿ ಲೋಕವೃಕ್ಷವು ನಿಂತು ಪಾತಾಳವನ್ನೂ ಭೂಮಿಯನ್ನೂ ಆಕಾಶವನ್ನೂ ಕೂಡಿಸುತ್ತದೆಂದು ನಂಬಿಕೆ. ಅರಸನು ಜೇಡನ್ನು ಧರಿಸಿದನೆಂದರೆ ಆ ವೃಕ್ಷವೇ ತಾನಾಗಿ ನಡುವೆ ನಿಂತನೆಂದು ಅರ್ಥ. ಬೆಲೀಜಿನ ಸೆರ್ರೋಸ್ ಎಂಬಲ್ಲಿ ಕ್ರಿಸ್ತಶಕದ ಆರಂಭಕ್ಕೂ ಹಿಂದಿನ ಒಂದು ನಿಕ್ಷೇಪವು ಸಿಕ್ಕಿತು. ಅದರಲ್ಲಿ ಐದು ಜೇಡ್ ಮುಖಗಳನ್ನು ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಎಂಬಂತೆ ಇಡಲಾಗಿದ್ದಿತು. ಲೋಕದ ನಕ್ಷೆಯನ್ನೇ ಅವರು ಹಸುರು ಶಿಲೆಯಲ್ಲಿ ಹೂತಿಟ್ಟಿದ್ದರು.

ಎರಡನೆಯ ಭಾವನೆ ಮೆಕ್ಕೆಜೋಳದ್ದು. ಆ ನಾಡಿಗೆ ಅನ್ನವೆಂದರೆ ಅದೇ. ಕಿಚೇ ಮಾಯಾ ಜನರ ಪುರಾಣವಾದ ಪೋಪೊಲ್ ವೂಹ್ ಗ್ರಂಥದ ಪ್ರಕಾರ ದೇವತೆಗಳು ಮನುಷ್ಯನನ್ನು ಮಣ್ಣಿನಿಂದ ಮಾಡಿ ಸೋತರು, ಮರದಿಂದ ಮಾಡಿ ಸೋತರು, ಕಡೆಗೆ ಜೋಳದ ಹಿಟ್ಟಿನಿಂದ ಮಾಡಿ ಗೆದ್ದರು. ಶಿಲ್ಪಗಳಲ್ಲಿ ಜೋಳದ ದೇವತೆಯು ತರುಣನು, ಸುಂದರನು. ಜೇಡ್ ಮಣಿಗಳ ಬಲೆಯಂತಹ ಉಡುಗೆಯನ್ನು ಉಟ್ಟವನು. ಅವನು ಸಾಯುತ್ತಾನೆ, ಬೀಜದಂತೆ ನೆಲದೊಳಗೆ ಹೋಗುತ್ತಾನೆ, ಮತ್ತೆ ಮೊಳೆಯುತ್ತಾನೆ. ಈ ಭಾವನೆಯು ಮಾಯಾ ಜನರಿಗಿಂತಲೂ ಹಿಂದಿನದು. ಅವರಿಗೆ ಮೊದಲು ಮೆಕ್ಸಿಕೋ ಕೊಲ್ಲಿಯ ತೀರದಲ್ಲಿ ಬಾಳಿದ ಒಲ್ಮೆಕ್ ಜನರು ಜೇಡ್ ಶಿಲೆಯ ಕೊಡಲಿಯಲಗುಗಳನ್ನು ನೆಲದಲ್ಲಿ ಹೂಳುತ್ತಿದ್ದರು. ಆ ಅಲಗಿನ ಆಕಾರವು ಜೋಳದ ತೆನೆಯನ್ನು ಹೋಲುತ್ತದೆ.

ಮೂರನೆಯದು, ಎಲ್ಲಕ್ಕಿಂತ ಸೂಕ್ಷ್ಮವಾದುದು, ಉಸಿರಿನ ಭಾವನೆ. ಇಕ್ ಎಂಬ ಮಾಯಾ ಶಬ್ದಕ್ಕೆ ಗಾಳಿ, ಉಸಿರು, ಪ್ರಾಣ ಎಂಬ ಅರ್ಥಗಳಿವೆ. ಅದರ ಚಿಹ್ನೆಯು ಲ್ಯಾಟಿನ್ ಲಿಪಿಯ ಟೀ ಅಕ್ಷರದಂತಿದೆ. ಮಳೆಯನ್ನು ತರುವುದು ಗಾಳಿ. ದೇಹವನ್ನು ನಡೆಸುವುದು ಉಸಿರು. ಚಿತ್ರಗಳಲ್ಲಿ ಅರಸರ ಮೂಗಿನ ಮುಂದೆ ತೇಲುವ ಚಿಕ್ಕ ಮಣಿಯು ಅವರ ಉಸಿರೇ ಆಗಿದೆ. ಜೇಡ್ ಕಿವಿಯೋಲೆಗಳನ್ನು ಹೂವಿನ ಆಕಾರದಲ್ಲಿ ಮಾಡಿ, ಹೂವಿನ ಪರಿಮಳದಂತೆ ಪ್ರಾಣವು ಅವುಗಳಿಂದ ಸುಳಿಸುಳಿಯಾಗಿ ಹೊರಡುವುದನ್ನು ಚಿತ್ರಿಸಿದ್ದಾರೆ. ಶಾಸನಗಳಲ್ಲಿ ಮರಣವನ್ನು ಹೇಳುವಾಗ ಬಿಳಿಯ ಹೂವಿನ ಉಸಿರು ಮುಗಿಯಿತೆಂಬ ಅರ್ಥದ ಮಾತು ಬರುತ್ತದೆ.

ಇದಕ್ಕೆ ಸ್ಪೇನಿನ ಪಾದ್ರಿಗಳ ಬರೆಹದಲ್ಲಿಯೂ ಆಧಾರವಿದೆ. ಗ್ವಾಟೆಮಾಲಾದ ಎತ್ತರದ ನಾಡಿನಲ್ಲಿ ಒಡೆಯನೊಬ್ಬನು ಸಾಯುವ ಸಮಯದಲ್ಲಿ ಅವನ ಬಾಯಿಯ ಬಳಿ ಒಂದು ಅಮೂಲ್ಯ ಶಿಲೆಯನ್ನು ಹಿಡಿದು, ಹೊರಡುವ ಪ್ರಾಣವು ಅದರೊಳಗೆ ಸೇರುವಂತೆ ಮಾಡುತ್ತಿದ್ದರೆಂದು ಲಾಸ್ ಕಾಸಾಸನು ತಿಳಿಸುತ್ತಾನೆ. ಯುಕಟಾನಿನಲ್ಲಿ ಸತ್ತವರ ಬಾಯಿಗೆ ಅರೆದ ಜೋಳವನ್ನೂ, ನಾಣ್ಯದಂತೆ ಸಲ್ಲುತ್ತಿದ್ದ ಕಲ್ಲುಗಳನ್ನೂ ತುಂಬುತ್ತಿದ್ದರು. ಮುಂದಿನ ಬಾಳಿನಲ್ಲಿ ಅವರಿಗೆ ಅನ್ನದ ಕೊರತೆಯಾಗಬಾರದೆಂದು. ಇದನ್ನು ಬರೆದಿಟ್ಟವನು ಪುಸ್ತಕಗಳನ್ನು ಸುಡಿಸಿದ ಲಾಂಡಾನೇ ಎಂಬುದು ವಿಧಿಯ ವೈಚಿತ್ರ್ಯ. ಅವನು ೧೫೬೬ರ ಸುಮಾರಿಗೆ ಬರೆದ ಆ ವೃತ್ತಾಂತವು ಸುಮಾರು ಮುನ್ನೂರು ವರ್ಷಗಳ ಮೇಲೆ ಮ್ಯಾಡ್ರಿಡ್ ನಗರದಲ್ಲಿ ದೊರಕಿತು. ಅನ್ನ ಮತ್ತು ಉಸಿರು ಒಂದೇ ಬಾಯಿಯಲ್ಲಿ ಕೂಡಿದುದನ್ನು ಅದು ತೋರಿಸುತ್ತದೆ.

೫

ಈ ಮಾತುಗಳೆಲ್ಲ ಒಂದೇ ಕಡೆ ಮೂರ್ತಿವೆತ್ತಂತೆ ಕಾಣುವುದು ಪಾಲೆಂಕೆ ನಗರದ ಸಮಾಧಿಯಲ್ಲಿ. ಮೊಟಾಗುವಾದಲ್ಲಿ ಕಲ್ಲಿನ ಮೂಲವು ಬೆಳಕಿಗೆ ಬಂದ ೧೯೫೨ನೆಯ ಇಸವಿಯಲ್ಲಿಯೇ ಇದೂ ತೆರೆದುದು ಒಂದು ಕಾಕತಾಳೀಯ. ಮೆಕ್ಸಿಕೋದ ಆಲ್ಬೆರ್ಟೋ ರೂಸ್ ಎಂಬ ಪ್ರಾಕ್ತನಶಾಸ್ತ್ರಜ್ಞನು ಅಲ್ಲಿಯ ಶಾಸನದೇಗುಲದ ನೆಲಗಲ್ಲೊಂದನ್ನು ಎತ್ತಿಸಿ, ಕೆಳಕ್ಕಿಳಿಯುವ ಮೆಟ್ಟಿಲ ಸಾಲನ್ನು ೧೯೪೯ರಲ್ಲಿ ಕಂಡನು. ಅದು ಕಲ್ಲುಮಣ್ಣುಗಳಿಂದ ಮುಚ್ಚಿಹೋಗಿದ್ದಿತು. ಬಿಡಿಸುವುದಕ್ಕೆ ಮೂರು ವರ್ಷ ಹಿಡಿಯಿತು. ಜೂನ್ ತಿಂಗಳಲ್ಲಿ ಕೊಠಡಿಯು ತೆರೆಯಿತು. ಅದರೊಳಗೆ ಕೆತ್ತಿದ ಬೃಹತ್ ಮುಚ್ಚಳವುಳ್ಳ ಕಲ್ಲಿನ ಪೆಟ್ಟಿಗೆ. ಅದರಲ್ಲಿ ಕಿನಿಚ್ ಹನಾಬ್ ಪಕಾಲ್ ಎಂಬ ಅರಸನ ಅಸ್ಥಿಗಳು. ೬೦೩ರಲ್ಲಿ ಹುಟ್ಟಿ, ಹನ್ನೆರಡನೆಯ ವಯಸ್ಸಿಗೆ ೬೧೫ರಲ್ಲಿ ಪಟ್ಟವೇರಿ, ೬೮೩ರಲ್ಲಿ ತೀರಿಕೊಂಡ ಈತನು ೬೮ ವರ್ಷ ಆಳಿದನು.

ಮುಖದ ಮೇಲೆ ಜೇಡ್ ಹಾಳೆಗಳನ್ನು ಜೋಡಿಸಿ ಮಾಡಿದ ಮುಖವಾಡ. ಅದಕ್ಕೆ ಚಿಪ್ಪಿನ ಮತ್ತು ಕಪ್ಪು ಗಾಜುಗಲ್ಲಿನ ಕಣ್ಣುಗಳು. ಕೊರಳಲ್ಲಿ ಮಣಿಗಳು, ಬೆರಳುಗಳಲ್ಲಿ ಉಂಗುರಗಳು. ಒಂದು ಕೈಯಲ್ಲಿ ಚೌಕನಾದ ಜೇಡ್ ತುಂಡು, ಇನ್ನೊಂದರಲ್ಲಿ ಗುಂಡಾದುದು. ಬಾಯೊಳಗೆ ಒಂದು ಮಣಿ. ಇಷ್ಟರ ಮೇಲೆ ರಕ್ತವರ್ಣದ ಇಂಗುಲೀಕದ ಪುಡಿ. ಮುಚ್ಚಳದ ಮೇಲಿನ ಶಿಲ್ಪದಲ್ಲಿ ಪಕಾಲನು ಜೇಡ್ ಬಲೆಯುಡುಗೆಯನ್ನುಟ್ಟು ಲೋಕವೃಕ್ಷದ ಬುಡದಲ್ಲಿ ಒರಗಿದ್ದಾನೆ. ಮುದುಕನಾಗಿ ಸತ್ತ ಅರಸನನ್ನು ಜೋಳದ ತರುಣ ದೇವತೆಯನ್ನಾಗಿ ಮಾಡಿ ನೆಲದಲ್ಲಿ ಬಿತ್ತಲಾಗಿದೆ. ಮುಖವಾಡವು ಅಲಂಕಾರಕ್ಕಾಗಿ ಮಾಡಿದುದಲ್ಲವೆಂಬುದು ಇದರಿಂದ ತಿಳಿಯುತ್ತದೆ. ಬಾಡುವ ಮುಖಕ್ಕೆ ಬದಲಾಗಿ ಬಾಡದ ಹಸುರು ಮುಖವನ್ನು ಕೊಟ್ಟುದು ಅದು.

ಬೆಲೀಜಿನ ಆಲ್ಟುನ್ ಹಾ ಎಂಬ ಸಣ್ಣ ಪಟ್ಟಣದಲ್ಲಿ ೧೯೬೮ರಲ್ಲಿ ಡೇವಿಡ್ ಪೆಂಡರ್‌ಗ್ಯಾಸ್ಟ್ ಎಂಬ ಸಂಶೋಧಕನು ಒಂದು ಸಮಾಧಿಯಿಂದ ಜೇಡ್ ಶಿಲೆಯ ತಲೆಯನ್ನು ತೆಗೆದನು. ಎತ್ತರವು ೧೪.೯ ಸೆಂಟಿಮೀಟರ್, ತೂಕವು ೪.೪೨ ಕಿಲೋಗ್ರಾಂ. ಮಾಯಾ ನಾಡಿನಲ್ಲಿ ದೊರೆತ ಕೆತ್ತಿದ ಜೇಡ್ ವಸ್ತುಗಳಲ್ಲಿ ಇದೇ ಅತಿ ದೊಡ್ಡದು. ಸೂರ್ಯದೇವತೆಯಾದ ಕಿನಿಚ್ ಅಹಾವ್ ಎಂದು ಇದಕ್ಕೆ ಹೆಸರಾಯಿತು. ಬೆಲೀಜ್ ದೇಶವು ಸ್ವತಂತ್ರವಾದ ಮೇಲೆ ಅದರ ನೋಟುಗಳ ಮೇಲೆಯೂ ಅಚ್ಚಾಯಿತು. ದೊಡ್ಡ ಅರಸುಮನೆಗಳಿಂದ ದೂರವಾದ ಸಣ್ಣ ಊರಿನಲ್ಲಿ ಅತಿ ದೊಡ್ಡ ಶಿಲೆಯು ದೊರೆತುದು ಪಂಡಿತರನ್ನು ಚಕಿತಗೊಳಿಸಿತು.

ಅದೇ ದೇಶದ ದಕ್ಷಿಣದ ನಿಮ್ ಲಿ ಪುನಿತ್ ಎಂಬಲ್ಲಿ ೨೦೧೫ರಲ್ಲಿ ಇನ್ನೊಂದು ಅಪೂರ್ವ ವಸ್ತುವು ಕಂಡುಬಂದಿತು. ಅದು ಸುಮಾರು ೧೯ ಸೆಂಟಿಮೀಟರ್ ಅಗಲದ ಎದೆಪದಕ. ಆಕಾರವು ಇಕ್ ಚಿಹ್ನೆಯದೇ, ಅಂದರೆ ಉಸಿರಿನದೇ. ಹಿಂಬದಿಯಲ್ಲಿ ೩೦ ಲಿಪಿಚಿಹ್ನೆಗಳ ಬರೆಹವಿದೆ. ೬೭೨ರಲ್ಲಿ ಅದನ್ನು ಧೂಪೋತ್ಸವವೊಂದರಲ್ಲಿ ಮೊದಲು ಧರಿಸಿದ ವಿಷಯವು ಅದರಲ್ಲಿ ಬರುತ್ತದೆ. ಆ ಊರಿನ ಶಾಸನಶಿಲೆಗಳಲ್ಲಿ ಇಂತಹ ಪದಕವನ್ನೇ ಧರಿಸಿ ಧೂಪವನ್ನು ಚೆಲ್ಲುತ್ತಿರುವ ಅರಸನ ಚಿತ್ರವೂ ಇದೆ. ಗಾಳಿಯ ಪದಕವನ್ನು ಧರಿಸಿ, ಧೂಮವನ್ನು ಗಾಳಿಗೆ ಬಿಟ್ಟು, ಗಾಳಿಯು ತರುವ ಮಳೆಯನ್ನು ಬೇಡುವುದು ಅರಸನ ಕರ್ತವ್ಯವಾಗಿದ್ದಿತು. ಸುಮಾರು ೮೦೦ರಲ್ಲಿ ಆ ಪದಕವು ಸಮಾಧಿಗೆ ಸೇರಿತು. ಅನಂತರದ ಒಂದು ಶತಮಾನದೊಳಗೆ ದಕ್ಷಿಣದ ಮಾಯಾ ನಗರಗಳು ಒಂದೊಂದಾಗಿ ಬರಿದಾದುವು; ಬರಗಾಲವೂ ಅದಕ್ಕೆ ಒಂದು ಕಾರಣವೆಂದು ಈಚಿನ ಸಂಶೋಧನೆಗಳು ತೋರಿಸಿವೆ.

೬

ಜೇಡ್ ಅರಸರ ಸೊತ್ತೆಂಬುದು ಬಹುಮಟ್ಟಿಗೆ ನಿಜವಾದರೂ ಪೂರ್ಣವಾಗಿ ನಿಜವಲ್ಲ. ಮುಂದಿನ ಹಲ್ಲುಗಳಲ್ಲಿ ರಂಧ್ರ ಕೊರೆದು ಜೇಡ್ ಬಿಲ್ಲೆಗಳನ್ನು ಕೂಡಿಸಿಕೊಳ್ಳುವ ಪದ್ಧತಿಯು ಮಾಯಾ ಜನರಲ್ಲಿ ಹಬ್ಬಿದ್ದಿತು. ಬದುಕಿರುವವರ ಹಲ್ಲಿಗೇ ಈ ಕೆಲಸವನ್ನು ಮಾಡುತ್ತಿದ್ದರು. ಅಂಟು ಎಷ್ಟು ಗಟ್ಟಿಯೆಂದರೆ ಸಾವಿರಕ್ಕೂ ಹೆಚ್ಚು ವರ್ಷಗಳ ಮೇಲೂ ಬಿಲ್ಲೆಗಳು ಬಿದ್ದಿಲ್ಲ. ಪೋಪೊಲ್ ವೂಹ್ ಗ್ರಂಥದಲ್ಲಿ ಏಳು ಗಿಣಿಗಳೆಂಬರ್ಥದ ಹೆಸರಿನ ಒಬ್ಬ ಗರ್ವಿಷ್ಠನ ಕಥೆಯಿದೆ. ತನ್ನ ಕಣ್ಣುಗಳೂ ಹಲ್ಲುಗಳೂ ರತ್ನಗಳಾಗಿ ಹೊಳೆಯುವುದರಿಂದ ತಾನೇ ಸೂರ್ಯನೆಂದು ಅವನು ಕೊಚ್ಚಿಕೊಳ್ಳುತ್ತಾನೆ. ಅವಳಿ ವೀರರು ಅವನ ಹಲ್ಲುನೋವನ್ನು ನೆವಮಾಡಿಕೊಂಡು, ರತ್ನದ ಹಲ್ಲುಗಳನ್ನು ಕೀಳಿಸಿ ಬಿಳಿಯ ಜೋಳದ ಕಾಳುಗಳನ್ನು ಇಡಿಸುತ್ತಾರೆ. ಅದರೊಡನೆ ಅವನ ತೇಜಸ್ಸು ಅಳಿದು ಅವನು ಸಾಯುತ್ತಾನೆ. ಶಿಲೆಯ ಕಾಂತಿಯನ್ನು ತನ್ನದೆಂದು ತಿಳಿದವನ ಗತಿಯನ್ನು ಆ ಜನರೇ ಹೀಗೆ ಕಥೆಮಾಡಿ ಹೇಳಿಕೊಂಡಿದ್ದರು.

ಬೆಲೀಜಿನ ಕರಾವಳಿಯಲ್ಲಿ ಹೆದರ್ ಮ್ಯಾಕಿಲಪ್ ಎಂಬ ವಿದುಷಿಯ ತಂಡವು ಕಂಡುಹಿಡಿದ ಒಂದು ಉಪಕರಣವು ಇನ್ನೂ ವಿಚಾರಾರ್ಹವಾಗಿದೆ. ಈಗ ನೀರಿನಲ್ಲಿ ಮುಳುಗಿರುವ ಪ್ರಾಚೀನ ಉಪ್ಪಿನ ಕೇರಿಯಲ್ಲಿ ಮರದ ಹಿಡಿಯೊಂದಿಗೆ ಉಳಿದ ಜೇಡೈಟ್ ಉಳಿಯದು. ೨೦೧೯ರಲ್ಲಿ ಇದರ ವರ್ತಮಾನವು ಪ್ರಕಟವಾಯಿತು. ಅದರ ಕಲ್ಲು ಅರಸರ ಒಡವೆಗಳಿಗೆ ಸಲ್ಲುವಂತಹ ಉತ್ತಮ ಜಾತಿಯದು. ಉಪ್ಪು ಬೇಯಿಸುವವನ ಕೈಯಲ್ಲಿ ಅದು ಮರವನ್ನೋ ಮೀನನ್ನೋ ಹೆರೆಯುತ್ತಿದ್ದಿತು. ಶಿಲೆಯ ಗಟ್ಟಿತನವನ್ನು ಶ್ರಮಜೀವಿಗಳೂ ಅರಿತಿದ್ದರು. ಉಪ್ಪಿನ ಬೆಲೆಯಿಂದ ಅದನ್ನು ಪಡೆಯಲೂ ಶಕ್ತರಾಗಿದ್ದರು.

೭

ಪವಿತ್ರವಾದ ವಸ್ತುವನ್ನು ಕಾಪಾಡುವುದೇ ಭಕ್ತಿಯೆಂದು ಯಾರಿಗಾದರೂ ತೋರುವುದು ಸಹಜ. ಮಾಯಾ ಜನರಲ್ಲಿ ಅದನ್ನು ಒಡೆಯುವುದೂ ಭಕ್ತಿಯಾಗಿದ್ದಿತು. ಯುಕಟಾನಿನ ಚಿಚೆನ್ ಇಟ್ಸಾ ನಗರದಲ್ಲಿ ಸುಣ್ಣಕಲ್ಲಿನ ನೆಲ ಕುಸಿದು ಉಂಟಾದ ಒಂದು ದೊಡ್ಡ ಬಾವಿಯಿದೆ. ಅದರಲ್ಲಿ ಮಳೆಗಾಗಿ ಮನುಷ್ಯರನ್ನೂ ಬೆಲೆಯುಳ್ಳ ವಸ್ತುಗಳನ್ನೂ ಹಾಕುತ್ತಿದ್ದರೆಂದು ಲಾಂಡಾನು ಬರೆದಿದ್ದನು. ಆ ಮಾತನ್ನು ನಂಬಿ ಎಡ್ವರ್ಡ್ ಥಾಂಪ್ಸನ್ ಎಂಬ ಅಮೆರಿಕನ್ ಕಾನ್ಸಲನು ೧೯೦೪ರಿಂದ ಆ ಬಾವಿಯ ಕೆಸರನ್ನು ತೋಡಿಸಿದನು. ಎಲುಬು, ಧೂಪದ ಉಂಡೆ, ಚಿನ್ನದ ಬಿಲ್ಲೆಗಳೊಡನೆ ಜೇಡ್ ಒಡವೆಗಳೂ ಹೇರಳವಾಗಿ ಮೇಲೆ ಬಂದುವು. ಅವುಗಳಲ್ಲಿ ಬಹುಭಾಗವು ಒಡೆದಿದ್ದುವು. ಬೆಂಕಿಯಲ್ಲಿ ಕಾಯಿಸಿ ಬಿರಿಯುವಂತೆ ಮಾಡಿ, ಅನಂತರ ನೀರಿಗೆ ಎಸೆದ ಗುರುತುಗಳಿದ್ದುವು. ಉಸಿರನ್ನು ಹಿಡಿದಿಟ್ಟ ಶಿಲೆಯನ್ನು ಒಡೆದರೆ ಆ ಉಸಿರು ಬಿಡುಗಡೆಯಾಗಿ ಮಳೆಯ ದೇವತೆಗೆ ಸೇರುವುದೆಂಬುದು ಅವರ ಭಾವನೆಯಾಗಿದ್ದಿರಬೇಕು. ಪಿಯೆಡ್ರಾಸ್ ನೆಗ್ರಾಸ್ ಎಂಬ ದೂರದ ನಗರದ ಬರೆಹವುಳ್ಳ ಒಡವೆಯೂ ಅಲ್ಲಿ ದೊರಕಿತು. ಹಳೆಯ ಅರಸುಮನೆಗಳು ಬಿದ್ದುಹೋದ ಮೇಲೆ ಅವರ ಒಡವೆಗಳು ಕೈಯಿಂದ ಕೈಗೆ ಸಾಗಿ, ಕಡೆಗೆ ಈ ನೀರಿನ ಪಾಲಾದುವು.

ಥಾಂಪ್ಸನ್ನನು ಈ ವಸ್ತುಗಳಲ್ಲಿ ಬಹುಭಾಗವನ್ನು ಮೆಕ್ಸಿಕೋದ ಒಪ್ಪಿಗೆಯಿಲ್ಲದೆ ಹಾರ್ವರ್ಡ್ ವಿಶ್ವವಿದ್ಯಾಲಯದ ಪೀಬಡಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದನು. ಅವುಗಳಲ್ಲಿ ಕೆಲವು ೧೯೭೦ರ ದಶಕದಲ್ಲಿ ಮೆಕ್ಸಿಕೋಗೆ ಹಿಂದಿರುಗಿದುವು. ಟಾಟಿಯಾನಾ ಪ್ರೊಸ್ಕೂರಿಯಾಕೋಫ್ ಎಂಬ ವಿದುಷಿಯು ಸಾವಿರಾರು ಚೂರುಗಳನ್ನು ತಾಳ್ಮೆಯಿಂದ ಜೋಡಿಸಿ ೧೯೭೪ರಲ್ಲಿ ಅವುಗಳ ಮೇಲೆ ದೊಡ್ಡ ಗ್ರಂಥವನ್ನು ಪ್ರಕಟಿಸಿದಳು. ಮಾಯಾ ಅರಸರ ಶಾಸನಗಳು ದೇವರ ಕಥೆಗಳಲ್ಲ, ನಿಜವಾದ ಇತಿಹಾಸವೆಂಬುದನ್ನು ೧೯೬೦ರಲ್ಲಿ ಸಿದ್ಧಪಡಿಸಿದವಳೂ ಇವಳೇ.

ಪಕಾಲನ ಮುಖವಾಡಕ್ಕೂ ಕಳ್ಳರ ಕಾಟವು ತಪ್ಪಲಿಲ್ಲ. ೧೯೮೫ರ ಡಿಸೆಂಬರಿನಲ್ಲಿ, ಕ್ರಿಸ್ತಜಯಂತಿಯ ರಾತ್ರಿ, ಮೆಕ್ಸಿಕೋ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಿಂದ ಅದು ಕಳುವಾಯಿತು. ೧೯೮೯ರಲ್ಲಿ ಮತ್ತೆ ಸಿಕ್ಕಿತು. ಅದು ಎಲ್ಲಿಯದು, ಯಾರದು ಎಂಬುದು ತಿಳಿದಿದ್ದುದರಿಂದ ಹಿಂದಿರುಗಿತು. ಕಾಡಿನ ಸಮಾಧಿಗಳನ್ನು ಕದ್ದು ಅಗೆದು ಮಾರಿದ ಒಡವೆಗಳಿಗೆ ಆ ಭಾಗ್ಯವಿಲ್ಲ. ಬಾಯೊಳಗಿದ್ದ ಮಣಿಯನ್ನು ಬಾಯಿಂದ ತೆಗೆದು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅದು ಬರಿಯ ಮಣಿ. ಯಾರ ಬಾಯಿ, ಯಾವ ಊರು, ಯಾವ ವರ್ಷ ಎಂಬುದು ಒಮ್ಮೆ ಕಳೆದರೆ ಆ ಮಣಿಯ ಅರ್ಥವನ್ನು ಯಾವ ಪಾಂಡಿತ್ಯವೂ ಮರಳಿ ತರಲಾರದು. ಪುಸ್ತಕಗಳನ್ನು ಕಳೆದುಕೊಂಡ ಜನಾಂಗಕ್ಕೆ ಇದು ಎರಡನೆಯ ಪುಸ್ತಕನಾಶ.

೧೯೭೦ರ ದಶಕದಿಂದ ಈಚೆಗೆ ಗ್ವಾಟೆಮಾಲಾದ ಆಂಟಿಗುವಾ ಪಟ್ಟಣದಲ್ಲಿ ಜೇಡ್ ಕೆತ್ತನೆಯು ಮತ್ತೆ ಆರಂಭವಾಗಿದೆ. ಈಗ ಹುರಿಯ ಬದಲು ವಜ್ರದ ಪುಡಿ ಹಚ್ಚಿದ ಉಕ್ಕಿನ ಚಕ್ರಗಳು ತಿರುಗುತ್ತವೆ. ಕೆಲಸಗಾರರಲ್ಲಿ ಮಾಯಾ ವಂಶದವರಿದ್ದಾರೆ. ಸುತ್ತಲಿನ ಬೆಟ್ಟಗಳ ಹೊಲಗಳಲ್ಲಿ ಅವರ ಬಂಧುಗಳು ಮಳೆಯನ್ನು ಕಾದು ಜೋಳವನ್ನು ಬಿತ್ತುತ್ತಾರೆ. ಮೊಳಕೆಯು ನೆಲದಿಂದ ಮೇಲೆದ್ದಾಗ ಅದರ ಬಣ್ಣವನ್ನು ಹೇಳುವುದಕ್ಕೆ ಅವರ ಭಾಷೆಗಳಲ್ಲಿ ಇರುವುದು ಅದೇ ಹಳೆಯ ಶಬ್ದ.